ನಡುಕದ ಫೈಲು

ಹುಡುಗಿಯರ ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬಿನಲ್ಲಿ ಪಾಠ ಹೇಳುವ ಟೀಚರಿಗೆ ಮಕ್ಕಳು ‘ಸೆಮಿಕೋಲನ್’ ಎಂದು ಅಡ್ಡಹೆಸರಿಟ್ಟಿದ್ದರು. ಪ್ರೋಗ್ರಾಮಿನ ಸಾಲಿನ ಕೊನೆಯಲ್ಲಿ ಆ ಬಾಲದ ಚುಕ್ಕಿ ಬಿಟ್ಟುಹೋದರೆ ಮುಲಾಜಿಲ್ಲದೆ ಅರ್ಧ ಅಂಕ ಕತ್ತರಿಸುವುದರಲ್ಲಿ ಅವಳದು ಎತ್ತಿದ ಕೈ. ಎದುರಿಗೆ ‘ಟೀಚರ್, ಟೀಚರ್’ ಎನ್ನುವ ಮಕ್ಕಳು ಅವಳು ಬೆನ್ನು ತಿರುಗಿಸಿದ ಕೂಡಲೇ ‘ಸೆಮಿಕೋಲನ್ ಬಂತು, ಸೆಮಿಕೋಲನ್ ಹೋಯ್ತು’ ಎಂದು ಕಿಸಕ್ಕನೆ ನಗುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಇದ್ದುಬಿಡುವುದು ಅವಳಿಗೆ ರೂಢಿ. ಮಕ್ಕಳ ವಿಷಯದಲ್ಲಿ ಅದು ಒಳ್ಳೆಯ ರೂಢಿಯೇ. ಎಲ್ಲ ವಿಷಯದಲ್ಲೂ ಹಾಗೆ ಹೇಳಲಾಗದು.

ವಯಸ್ಸು ಐವತ್ತರ ಆಸುಪಾಸು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಮೂಗು ತೂರಿಸಿದರೆ ‘ಪುರುಸೊತ್ತು ಸಿಗಲಿಲ್ಲ’ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ, ಅಲ್ಲಿ ಯಾರೋ ಒಣಹಾಕಿ ಮರೆತುಬಿಟ್ಟ ಒಂಟಿ ಕಾಲುಚೀಲ. ಶಾಲೆಯ ಲ್ಯಾಬಿನಲ್ಲಿದ್ದ ಕಂಪ್ಯೂಟರುಗಳಲ್ಲಿ ಅರ್ಧಕ್ಕರ್ಧ ಕಾಯಿಲೆಯವು. ಒಂದರ ಮೌಸು ಕಿತ್ತು ಇನ್ನೊಂದಕ್ಕೆ, ಇನ್ನೊಂದರ ಕೀಬೋರ್ಡು ಮತ್ತೊಂದಕ್ಕೆ ಹಾಕುತ್ತ ಹೇಗೋ ಅವುಗಳ ಜೀವ ಉಳಿಸಿಕೊಂಡು ಬಂದಿದ್ದಳು. ಸಾಫ್ಟ್‌ವೇರ್ ಕೊಂಡುಕೊಡಿ ಎಂದರೆ ಹೆಡ್‌ಮಿಸ್ಸು ಕೈ ಚೆಲ್ಲುತ್ತಿದ್ದರು. ಹಾಗಾಗಿ ಬಿಟ್ಟಿ ಸಿಗುವ, ಒಳಗೆ ತೆರೆದು ನೋಡಬಹುದಾದ, ಬೇಕಾದಂತೆ ತಿದ್ದಿಕೊಳ್ಳಬಹುದಾದ ಪ್ರೋಗ್ರಾಮುಗಳನ್ನು ಹುಡುಕಿ ತರುವುದು ಅವಳಿಗೆ ಅಭ್ಯಾಸವಾಯಿತು. ‘ಬಿಟ್ಟಿ ಸಿಕ್ತು ಅಂತ ಅಪ್ಪನ ಆಸ್ತಿ ಅಂದ್ಕೋಬೇಡಿ. ಬರೆದವರು ಮೇಲ್ಗಡೆ ಏನು ಹೇಳಿದಾರೆ, ಮೊದಲು ಅದನ್ನ ಓದಿ’ ಎಂದು ಮಕ್ಕಳ ತಲೆ ತಿನ್ನುತ್ತಿದ್ದಳು. ಹೀಗೆ ಊರಿಗೆಲ್ಲ ಬುದ್ಧಿ ಹೇಳುವವಳು ತನ್ನ ಮನೆಯ ಒಂದು ಫೈಲಿನ ಮೇಲಿದ್ದದ್ದನ್ನು ಓದಿಯೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಆ ಫೈಲಿನದೇ ಈ ಕಥೆ.

ಅವಳ ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ‘ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ’ ಎಂದು ನೌಕರಿಯುದ್ದಕ್ಕೂ ಕೂಗಿ ಕೂಗಿ ಗಂಟಲು ಒರಟಾಗಿತ್ತು. ನಿವೃತ್ತಿಯಾದ ಮೇಲೂ ಚಟ ಬಿಡಲಿಲ್ಲ. ಬಂದ ನೆಂಟರು ಹೊಸ್ತಿಲಲ್ಲಿ ನಿಂತು ಮಾತಿಗಿಳಿದರೆ ‘ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ’ ಎಂದು ಗದರುತ್ತಿದ್ದರು. ಹೆಂಡತಿ ಬೇಗ ಹೋದ ಮೇಲೆ ಮನೆಯಲ್ಲಿ ಸದ್ದು ಅಂತಿದ್ದರೆ ಅವರದೇ. ಅಂಥವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲಿನ ಜೊತೆ ಮಾತೂ ಹೋಯಿತು. ಬುದ್ಧಿ ಮಾತ್ರ ಚೂರೂ ಮಂಕಾಗಿರಲಿಲ್ಲ. ಏನೋ ಹೇಳಬೇಕೆಂದು ಬಾಯಿ ತೆರೆದಾಗ ಬರಿ ಗಾಳಿ ಬರುತ್ತಿತ್ತಲ್ಲ, ಆಗ ಆ ಮುಖದಲ್ಲಿ ಕಾಣುವ ಸಿಟ್ಟನ್ನು ಮಗಳು ನೋಡಲಾರದೆ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ತಮ್ಮ ಅವಳಿಗಿಂತ ಚಿಕ್ಕವನು, ಲಿಫ್ಟ್ ಮೆಕ್ಯಾನಿಕ್. ಊರಿನ ಇನ್ನೊಂದು ತುದಿಯಲ್ಲಿ ಅವನ ಸಂಸಾರ. ಅಪ್ಪ ಹಾಸಿಗೆ ಹಿಡಿದ ಮೇಲೆ ಅವನು ಕೆಲಸ ಮುಗಿಸಿ ದಿನಾ ಸಂಜೆ ಅಕ್ಕನ ಮನೆಗೇ ಬರತೊಡಗಿದ. ಲಿಫ್ಟಿನ ಬೋರ್ಡಿಗೆ ಪ್ರೋಗ್ರಾಮು ತುಂಬುವುದು ಅವನ ಕೆಲಸದಲ್ಲೇ ಇತ್ತಾದ್ದರಿಂದ ಅಕ್ಕ ಮಾಡುವುದೆಲ್ಲ ಅವನಿಗೂ ಅಷ್ಟಿಷ್ಟು ತಿಳಿಯುತ್ತಿತ್ತು. ಇಬ್ಬರೂ ಹುಡುಕಿ ಹುಡುಕಿ ಯಾವುದೋ ದೇಶದ ಯಾರೋ ಪುಣ್ಯಾತ್ಮ ಮಾತು ಬಾರದ ತನ್ನ ಮಗುವಿಗಾಗಿ ಬರೆದಿದ್ದ ಒಂದು ಪ್ರೋಗ್ರಾಮು ಕಂಡುಹಿಡಿದರು. ಟ್ಯಾಬ್ಲೆಟ್ಟಿನ ತೆರೆಯ ತುಂಬ ಚಿತ್ರದ ಚೌಕಗಳು. ಚೌಕ ಮುಟ್ಟಿದರೆ ಅದು ಮಾತಾಡುತ್ತದೆ. ಅವನ ಬರಹದ ತಲೆಯಲ್ಲಿ ಲೈಸೆನ್ಸು ಇತ್ತು: ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ, ಹಂಚಿ, ನನ್ನ ಹೆಸರನ್ನೂ ಈ ಮಾತನ್ನೂ ಅಳಿಸಬೇಡಿ, ಏನಾದರೂ ಎಡವಟ್ಟಾದರೆ ನನ್ನ ಕೊರಳಪಟ್ಟಿ ಹಿಡಿಯಬೇಡಿ. ಅಷ್ಟೇ.

ಅಕ್ಕ ಆ ಹೆಸರಿನ ಕೆಳಗೆ ತನ್ನ ಹೆಸರು ಸೇರಿಸಿ, ತಾನು ತಿದ್ದಿದ್ದನ್ನೂ ಅದೇ ಷರತ್ತಿಗೆ ಒಪ್ಪಿಸಿದಳು. ಚೌಕಗಳಿಗೆ ಮನೆಮಾತು ಹಾಕಿದಳು. ದನಿ ತಮ್ಮನದು. ಅದಕ್ಕೆ ‘ಮಾತುಹಲಗೆ’ ಎಂದು ಹೆಸರಾಯಿತು. ಅಪ್ಪ ಎಡಗೈಯಿಂದ ಮೊದಲ ಸಲ ಮುಟ್ಟಿದಾಗ ಹಲಗೆಯೊಳಗಿಂದ ಮಗನ ದನಿ ‘ಟೀ ತಣ್ಣಗಿದೆ’ ಎಂದಿತು. ಇಷ್ಟು ತಿಂಗಳು ಮಾತಿಲ್ಲದೆ ಇದ್ದು ಮೊದಲು ಆಡಿದ್ದೇ ದೂರಾಯಿತಲ್ಲ ಎಂದು ಅಕ್ಕ ತಮ್ಮ ನಗುತ್ತ ನಗುತ್ತ ಅತ್ತರು.

ಆದರೆ ಆ ಎಡಗೈಗೂ ನಡುಕ ಇತ್ತು. ‘ನೀರು’ ಮುಟ್ಟಲು ಹೊರಟ ಬೆರಳು ನಡುಗಿ ನಡುಗಿ ‘ಕಿಟಕಿ’ಯ ಮೇಲೆ ಕೂರುತ್ತಿತ್ತು. ಮಗಳು ಕಿಟಕಿ ಮುಚ್ಚಿದರೆ ಅಪ್ಪ ಕೆಂಡವಾಗುತ್ತಿದ್ದರು. ತಮ್ಮ ಸಂಜೆ ಬಂದವನು ಅಪ್ಪನ ಪಕ್ಕ ಕೂತು ಆ ಕೈಯನ್ನೇ ನೋಡುತ್ತಿದ್ದ. ನೋಡಿ ನೋಡಿ ಒಂದು ದಿನ ಹೇಳಿದ:

‘ಅಕ್ಕ, ನೀನು ಬೆರಳು ಎಲ್ಲಿ ನಿಂತಿತು ಅಂತ ನೋಡ್ತಿದೀಯ. ಎಲ್ಲಿಗೆ ಹೊರಟಿತ್ತು ಅಂತ ನೋಡು. ಹೊರಡೋವಾಗ ನೇರ ಹೋಗುತ್ತೆ. ಹತ್ರ ಬಂದ್ಮೇಲೆ ನಡುಗಿ ಪಕ್ಕಕ್ಕೆ ಜಾರುತ್ತೆ.’

ಹಲಗೆಯ ಕೆಳ ಅಂಚಿನಿಂದ ಬೆರಳು ಜಾರಿಸಲು ಅಪ್ಪನಿಗೆ ಹೇಳಿಕೊಟ್ಟ. ಬೆರಳು ಹಿಡಿದ ದಾರಿ ನೋಡಿ ಚೌಕ ಯಾವುದೆಂದು ತೀರ್ಮಾನಿಸುವ ಸಾಲುಗಳನ್ನು ಬೇರೆಯದೇ ಫೈಲಿನಲ್ಲಿ ಬರೆದ. ಫೈಲಿನ ಹೆಸರು ‘ನಡುಕ’. ಅಕ್ಕನ ಫೈಲುಗಳ ಮೇಲೆ ಅವಳ ಹೆಸರಿದ್ದದ್ದು ನೋಡಿ ಇವನಿಗೂ ಆಸೆಯಾಯಿತು. ಲಿಫ್ಟ್ ಕಂಪನಿಯ ಕೈಪಿಡಿಯ ಮೊದಲ ಪುಟ ತೆರೆದು, ಅಲ್ಲಿದ್ದದ್ದನ್ನು ಹೆಸರು ಬದಲಿಸಿ ಹಾಗೇ ಇಳಿಸಿಬಿಟ್ಟ: ‘ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ. ಲಿಖಿತ ಅನುಮತಿಯಿಲ್ಲದೆ ಇದರ ಯಾವ ಭಾಗವನ್ನೂ ನಕಲು ಮಾಡುವಂತಿಲ್ಲ, ಬದಲಿಸುವಂತಿಲ್ಲ, ಹಂಚುವಂತಿಲ್ಲ.’

‘ಏನೋ ಇದು, ಕೋರ್ಟು ಕಚೇರಿ ಥರ?’ ಎಂದಳು ಅಕ್ಕ.

‘ದೊಡ್ಡ ದೊಡ್ಡ ಪುಸ್ತಕದಲ್ಲೆಲ್ಲ ಹೀಗೇ ಇರುತ್ತೆ. ಗತ್ತಾಗಿದೆ, ಇರ್ಲಿ ಬಿಡು.’

ಇರಲಿ ಬಿಡು ಎಂದದ್ದು ಇದ್ದೇ ಇತ್ತು. ನಡುಕದ ಫೈಲು ಕೆಲಸ ಮಾಡಿತು. ಅಪ್ಪ ಮತ್ತೆ ಮನೆಯ ಯಜಮಾನರಾದರು. ಫ್ಯಾನು ಜೋರಾಯಿತು, ಸಾರಿಗೆ ಉಪ್ಪು ಕಡಿಮೆಯಾಯಿತು, ಕೊನೆಗೆ ಚಾನೆಲ್ಲು ಬದಲಿಸಿ ಎಂದು ದಿನಕ್ಕೆ ಹತ್ತು ಸಲ ಮಗನ ದನಿಯಲ್ಲಿ ಗದರಿಸಿದರು.

ಒಂದು ಸಂಜೆ ಅಪ್ಪನಿಗೆ ಉಸಿರು ಕಟ್ಟತೊಡಗಿತು. ಎದೆಯಲ್ಲಿ ಕಫ ತುಂಬಿತ್ತು. ಮನೆಗೆ ಬಂದು ನೋಡಿದ ಡಾಕ್ಟರು ಇಬ್ಬರನ್ನೂ ಹೊರಗೆ ಕರೆದು, ‘ಆಸ್ಪತ್ರೆಗೆ ಸೇರಿಸಿದ್ರೆ ಪ್ರಯತ್ನ ಮಾಡ್ಬಹುದು. ಉಳೀತಾರೆ ಅಂತ ಹೇಳಲಾರೆ. ಅವರಿಗೆ ಪ್ರಜ್ಞೆ ಇದೆ, ಅವರನ್ನೇ ಒಂದು ಮಾತು ಕೇಳಿ’ ಎಂದು ಹೇಳಿ ಹೋದರು. ತಮ್ಮ ಹಲಗೆ ಹಿಡಿದ. ‘ಮನೆ’ ಮತ್ತು ‘ಡಾಕ್ಟರು’ ಅಕ್ಕಪಕ್ಕದ ಚೌಕಗಳು. ಅಪ್ಪನ ಬೆರಳು ಅಂಚಿನಿಂದ ಹೊರಟಿತು, ನಡುಗಿತು, ‘ಡಾಕ್ಟರು’ ಚೌಕದ ಮೇಲೆ ಬಂದು ನಿಂತಿತು. ಹಲಗೆ ಹೇಳಿದ್ದು ಮಾತ್ರ, ‘ಮನೇಲೇ ಇರ್ತೀನಿ.’

‘ನೋಡು, ಅಪ್ಪ ಮನೆ ಅಂತಿದಾರೆ’ ಎಂದ ತಮ್ಮ.

‘ಎಲ್ಲಿ ಅಂದ್ರು? ಬೆರಳು ಡಾಕ್ಟರ ಮೇಲಿತ್ತು, ನನ್ನ ಕಣ್ಣೇನು ಹೋಗಿದೆಯಾ? ಪ್ರೋಗ್ರಾಮು ನಿಂದು, ದನೀನೂ ನಿಂದು. ಇದ್ರಲ್ಲಿ ಅಪ್ಪ ಎಲ್ಲಿದಾರೆ? ಲಿಫ್ಟ್ ರಿಪೇರಿ ಮಾಡೋನ ಊಹೆ ನಂಬ್ಕೊಂಡು ಅಪ್ಪನ್ನ ಸಾಯಿಸ್ಲಾ?’

ಆ ಮಾತು ಕೇಳಿ ತಮ್ಮನ ಮುಖ ಬಿಳಿಚಿಕೊಂಡಿತು. ಆಂಬುಲೆನ್ಸಿನವರನ್ನು ಕರೆತರಲು ಕೆಳಗೆ ಇಳಿದುಹೋದ. ಅವನ ಹೆಜ್ಜೆ ಸದ್ದು ಇನ್ನೂ ಮೆಟ್ಟಿಲಲ್ಲಿರುವಾಗಲೇ ಅಪ್ಪ ಮತ್ತೊಮ್ಮೆ ಕೈ ಎತ್ತಿದರು. ಈ ಸಲ ಬೆರಳು ಪಕ್ಕಕ್ಕೆ ಜಾರಲಿಲ್ಲ. ನೇರ ಹೋಗಿ ‘ಮನೆ’ಯ ಮೇಲೆ ಕೂತು, ಅಲ್ಲೇ ಒತ್ತಿಕೊಂಡಿತು. ‘ಮನೇಲೇ ಇರ್ತೀನಿ’ ಎಂದಿತು ಹಲಗೆ. ಅಪ್ಪ ಅವಳನ್ನೇ ನೋಡುತ್ತಿದ್ದರು. ಅವಳು ‘ಎಲ್ಲಾ ಸರಿಹೋಗುತ್ತಪ್ಪ’ ಎಂದು ಹಲಗೆಯನ್ನು ಅವರ ಕೈಗೆಟುಕದಂತೆ ಬೀರುವಿನ ಮೇಲಿಟ್ಟಳು. ಸ್ಟ್ರೆಚರಿನವರು ಬರುವ ಹೊತ್ತಿಗೆ ಹಲಗೆ ಮೇಲಿತ್ತು, ಅವಳು ಅಪ್ಪನ ಬಟ್ಟೆ ಮಡಚುತ್ತಿದ್ದಳು.

ತೀವ್ರ ನಿಗಾ ಘಟಕದೊಳಗೆ ಟ್ಯಾಬ್ಲೆಟ್ಟು ತರುವಂತಿಲ್ಲ ಎಂದರು. ಅಪ್ಪ ಅಲ್ಲಿ ಮೂಗಿಗೊಂದು ಕೈಗೊಂದು ಕೊಳವೆ ಹಾಕಿಸಿಕೊಂಡು, ಯಾರಿಗೂ ಏನೂ ಹೇಳಲಾಗದೆ, ವಾರ ತುಂಬುವ ಮೊದಲೇ ತೀರಿಕೊಂಡರು. ಎಲ್ಲ ಮುಗಿದ ಮೇಲೆ ತಮ್ಮ ಅಕ್ಕನ ಮನೆಗೆ ಬರುವುದನ್ನು ಬಿಟ್ಟ. ಸಿಟ್ಟಾಗಿದ್ದಾನೆ, ಆಗಲೇಬೇಕು ಎಂದುಕೊಂಡಳು. ಇವಳೂ ಹೋಗಲಿಲ್ಲ. ಹೋದರೆ ಆ ಎರಡನೇ ಸಲದ ಮಾತು ಬಾಯಿಗೆ ಬರುತ್ತದೆ ಎಂಬ ಹೆದರಿಕೆ. ಎಂದಾದರೂ ನಿದ್ದೆ ಬಾರದಿದ್ದರೆ, ಮೊದಲ ಸಲ ಬೆರಳು ಡಾಕ್ಟರ ಮೇಲೇ ನಿಂತಿತ್ತಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮಗ್ಗುಲು ಬದಲಿಸುತ್ತಿದ್ದಳು.

ಮಾತುಹಲಗೆಯನ್ನು ಮಾತ್ರ ಮೂಲೆಗೆ ಹಾಕಲು ಮನಸ್ಸು ಬರಲಿಲ್ಲ. ಎಲ್ಲ ಫೈಲುಗಳ ಸಮೇತ ಅಂತರ್ಜಾಲಕ್ಕೆ ಏರಿಸಿದಳು, ನಡುಕವೂ ಸೇರಿ. ಒಬ್ಬರಿಂದ ಒಬ್ಬರಿಗೆ ತಿಳಿದು ಜನ ತೆಗೆದುಕೊಂಡರು. ದೂರದೂರಿನವರು ತಪ್ಪು ತಿದ್ದಿ ಕಳಿಸಿದರು. ಏಳೆಂಟು ವರ್ಷ ಹೀಗೇ ನಡೆಯಿತು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅದಕ್ಕೆ ನೀರೆರೆಯುವುದೇ ಅವಳ ಸಂಸಾರವಾಯಿತು ಎಂದರೂ ಸರಿಯೇ.

ಆಮೇಲೆ ಬಂದದ್ದು ಪುನರ್ವಸತಿ ಕೇಂದ್ರಗಳ ಒಕ್ಕೂಟ. ಪಾರ್ಶ್ವವಾಯು ಹೊಡೆದವರಿಗೆ ನಡೆಯುವುದನ್ನು, ನುಂಗುವುದನ್ನು, ಮಾತಾಡುವುದನ್ನು ಮತ್ತೆ ಕಲಿಸುವ ಜಾಗಗಳು ಅವು. ಎಲ್ಲ ಕೇಂದ್ರಗಳಲ್ಲೂ ಮಾತುಹಲಗೆ ಇಟ್ಟು, ಮನೆಗೆ ಹೋಗುವವರ ಕೈಗೂ ಒಂದೊಂದು ಕೊಡುತ್ತೇವೆ ಎಂದರು. ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಷ್ಟರಲ್ಲಿ ಒಕ್ಕೂಟದ ವಕೀಲೆ ಅವಳನ್ನು ಕಚೇರಿಗೆ ಕರೆಸಿದರು. ಮೇಜಿನ ಮೇಲೆ ಟಿಶ್ಯೂ ಡಬ್ಬಿ, ವಕೀಲೆಗೆ ವಿಪರೀತ ಶೀತ.

‘ಟೀಚರ್, ನಡುಕ ಅನ್ನೋ ಫೈಲು ಯಾರದು?’

‘ನನ್ನ ತಮ್ಮಂದು.’

‘ಇದನ್ನ ಹಂಚ್ಬಹುದು ಅಂತ ಅವರು ಬರೆದುಕೊಟ್ಟಿದಾರಾ?’

‘ಅಯ್ಯೋ, ಆ ಸಾಲುಗಳು ತಮಾಷೆಗೆ ಹಾಕಿದ್ದು ಮೇಡಂ. ಲಿಫ್ಟಿನ ಪುಸ್ತಕ ನೋಡಿ ಕಾಪಿ ಹೊಡೆದಿದ್ದ.’

‘ತಮಾಷೆಗೇ ಬರೀಲಿ, ಸಿಟ್ಟಲ್ಲೇ ಬರೀಲಿ, ಅಲ್ಲಿರೋದು ಅದೇ ತಾನೇ?’ ಎಂದು ವಕೀಲೆ ಸೀನಿದರು. ‘ಅದನ್ನ ಬರೀದೇ ಇದ್ದಿದ್ರೂ ಇದೇ ಕಥೆ. ಕೊಟ್ಟೆ ಅಂತ ಹೇಳೋವರೆಗೂ ಹಕ್ಕು ಬರೆದವರದೇ. ಆ ಹೊರದೇಶದವರು ಕೊಟ್ಟಿದಾರೆ, ನೀವು ಕೊಟ್ಟಿದೀರಿ, ತಿದ್ದಿ ಕಳಿಸಿದವರೂ ಒಪ್ಕೊಂಡಿದಾರೆ. ನಿಮ್ಮ ತಮ್ಮ ಕೊಟ್ಟಿಲ್ಲ. ಇಷ್ಟು ವರ್ಷ ಅವರ ಮನೆ ಬೀಗದಕೈನ ಊರಿಗೆಲ್ಲ ಹಂಚಿದೀರಿ, ಅವರು ಸುಮ್ನಿದಾರೆ ಅಷ್ಟೇ.’

ಕಂಪ್ಯೂಟರ್ ಟೀಚರಿಗೆ ನಾಚಿಕೆಯಾಯಿತು. ಈ ಪಾಠವನ್ನು ಅವಳೇ ವರ್ಷ ವರ್ಷವೂ ಮಾಡುತ್ತಿದ್ದಳಲ್ಲ! ತಮ್ಮನದು ತನ್ನದೇ ಎಂದುಕೊಂಡಿದ್ದಳು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರಿಗೆ ಲೈಸೆನ್ಸು ಹೊಳೆಯುವುದಾದರೂ ಹೇಗೆ?

ದಾರಿ ಎರಡೇ ಎಂದರು ವಕೀಲೆ. ತಮ್ಮನ ಒಪ್ಪಿಗೆ ಬರವಣಿಗೆಯಲ್ಲಿ ತರಬೇಕು. ಇಲ್ಲವೇ ಆ ಫೈಲನ್ನು ಕಿತ್ತುಹಾಕಿ, ಅದನ್ನು ಎಂದೂ ನೋಡಿರದ ಯಾರಿಂದಲಾದರೂ ಹೊಸದಾಗಿ ಬರೆಸಬೇಕು. ‘ಉಪಾಯಕ್ಕೆ ಯಾರ ಹಕ್ಕೂ ಇಲ್ಲ, ಅದನ್ನ ಬಾಯಲ್ಲಿ ಹೇಳಿ. ಬರೆದ ಸಾಲುಗಳು ಮಾತ್ರ ಬರೆದವರದು. ನೀವು ಬರೀಬೇಡಿ, ನಿಮಗೆ ಅದು ಬಾಯಿಪಾಠ ಆಗಿರುತ್ತೆ.’ ಎರಡೂ ಆಗದಿದ್ದರೆ ತಿಂಗಳ ಕೊನೆಗೆ ನಡುಕ ತೆಗೆದುಹಾಕಿದ ಹಲಗೆಯನ್ನೇ ಕಳಿಸುತ್ತೇವೆ, ಅಂತರ್ಜಾಲದಲ್ಲಿರುವುದನ್ನೂ ನೀವು ಇಳಿಸಬೇಕಾಗುತ್ತದೆ ಎಂದೂ ಸೇರಿಸಿದರು.

ಅವಳು ತಮ್ಮನಿಗೆ ಮೆಸೇಜು ಕಳಿಸಿದಳು. ಹೇಗಿದ್ದೀಯ ಎಂದು ಕೂಡ ಕೇಳದೆ, ವಕೀಲೆ ಹೇಳಿದ್ದನ್ನಷ್ಟೇ ಒಪ್ಪವಾಗಿ ಬರೆದಳು. ಬಂದ ಉತ್ತರ ಒಂದೇ ಪದ: ‘ಆಗಲ್ಲ.’

ಸರಿ, ಬೇಡ ಬಿಡು ಎಂದು ಹಲ್ಲು ಕಚ್ಚಿಕೊಂಡು ಎರಡನೇ ದಾರಿ ಹಿಡಿದಳು. ತಪ್ಪು ತಿದ್ದಿ ಕಳಿಸುತ್ತಿದ್ದ ದೂರದೂರಿನವರಲ್ಲಿ ಆ ಫೈಲಿನ ಗೊಡವೆಗೇ ಹೋಗಿರದ ಒಬ್ಬಾಕೆ ಸಿಕ್ಕಳು. ಇವಳು ಬಾಯಲ್ಲಿ ಹೇಳಿದಳು, ಅವಳು ಬರೆದುಕೊಟ್ಟಳು. ಅದನ್ನು ಹಲಗೆಗೆ ಹಾಕಿಕೊಂಡು ಕೇಂದ್ರದಲ್ಲಿದ್ದ ಟೈಲರ್ ಅಜ್ಜಿಯ ಹತ್ತಿರ ಹೋದಳು. ಅಜ್ಜಿ ಒಂದು ಕಾಲಕ್ಕೆ ಊರಿನ ಅರ್ಧ ಜನರ ಅಳತೆ ಬಾಯಲ್ಲೇ ಹೇಳುತ್ತಿದ್ದವರು. ಈಗ ಬಾಯಿಲ್ಲ, ಕೈ ಗಡಗಡ. ಹೊಸ ಫೈಲು ಬೆರಳು ಸ್ಥಿರವಾಗಲಿ ಎಂದು ಕಾಯುತ್ತಿತ್ತು. ಅಜ್ಜಿಯ ಬೆರಳು ಸ್ಥಿರವಾಗುತ್ತಿದ್ದದ್ದು ಅವರು ನಿದ್ದೆಹೋದಾಗ ಮಾತ್ರ. ಬೆರಳು ಬಂದ ದಾರಿ ನೋಡಿ ಹೇಳುವಂತೆ ತಿದ್ದಿಸಿದರೆ ‘ಸ್ನಾನ’ ಕೇಳಿದವರಿಗೆ ‘ಸಾಕು’ ಎಂದಿತು. ತಮ್ಮ ತಿಂಗಳುಗಟ್ಟಲೆ ಅಪ್ಪನ ಕೈ ನೋಡುತ್ತ ಕೂತು ಬರೆದದ್ದು ಬಾಯಿಮಾತಿನಲ್ಲಿ ದಾಟಿ ಹೋಗುವಂಥದ್ದಾಗಿರಲಿಲ್ಲ. ಅಜ್ಜಿ ಹಲಗೆಯನ್ನು ದೂರ ತಳ್ಳಿ ಗೋಡೆಯ ಕಡೆ ಹೊರಳಿ ಮಲಗಿದರು. ಹಳೆಯ ಹಲಗೆ ಕೊಟ್ಟ ಮೇಲೆ ತಿರುಗಿ, ಬೆರಳು ಜಾರಿಸಿ, ತಮ್ಮನ ದನಿಯಲ್ಲಿ ‘ಇದು ಸರಿ’ ಎಂದರು. ಆಗ ಅವರ ಬೆರಳು ನಿಂತಿದ್ದದ್ದು ಪಕ್ಕದ ‘ದಿಂಬು’ ಚೌಕದ ಮೇಲೆ.

ಅವಳು ಆ ಬೆರಳನ್ನು ಬಹಳ ಹೊತ್ತು ನೋಡಿದಳು. ಮರುದಿನ ತಮ್ಮನ ಹೆಂಡತಿಗೆ ಫೋನು ಮಾಡಿದಳು.

‘ಹೊಸ ಬಡಾವಣೆ ಹತ್ರ ಎತ್ತರದ ಕಟ್ಟಡ ಇದೆಯಲ್ಲ ಅಕ್ಕ, ಅಲ್ಲಿ ತುದೀಲಿ ಮೆಷಿನ್ ರೂಮಲ್ಲಿರ್ತಾರೆ. ಲಿಫ್ಟ್ ಕೆಟ್ಟಿದೆ, ಹತ್ತಿಯೇ ಹೋಗ್ಬೇಕು. ನಾನು ಹೇಳ್ದೆ ಅನ್ಬೇಡಿ’ ಎಂದಳು ಅವಳು.

ಮಹಡಿ ಮಹಡಿಗೂ ನಿಂತು, ಕಂಬಿ ಹಿಡಿದು, ತನ್ನ ಮೊಣಕಾಲುಗಳಿಗೆ ಶಾಪ ಹಾಕುತ್ತ ಹತ್ತಿದಳು. ಮೆಷಿನ್ ರೂಮಿನ ಬಾಗಿಲು ತೆರೆದಿತ್ತು. ಗ್ರೀಸಿನ ವಾಸನೆ, ನಡುವೆ ನಿಂತುಹೋದ ಮೋಟಾರು, ನೆಲದ ತೂತಿನೊಳಕ್ಕೆ ಇಳಿದುಹೋದ ಉಕ್ಕಿನ ಹಗ್ಗಗಳು. ತಮ್ಮ ಪ್ಯಾನೆಲ್ಲಿನ ಬಾಗಿಲು ತೆಗೆದು ಟಾರ್ಚು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವಳನ್ನು ಕಂಡು ಟಾರ್ಚು ತೆಗೆದ.

‘ಮೆಟ್ಟಿಲು ಹತ್ಕೊಂಡು ಬಂದ್ಯಾ?’

‘ಇನ್ನೇನು ಹಾರ್ಕೊಂಡು ಬರ್ಲಾ? ಲಿಫ್ಟ್ ಬಿಚ್ಚಿ ಹರಡಿದೀಯಲ್ಲ.’

ಒಂದು ಡಬ್ಬ ಮಗುಚಿ ಹಾಕಿ ಕೂರಲು ಹೇಳಿದ. ನೀರಿನ ಬಾಟಲಿ ಕೊಟ್ಟ. ಅವಳು ಕುಡಿದು ಮುಗಿಸುವವರೆಗೂ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ.

‘ಆಗಲ್ಲ ಅಂತ ಬರೆದಿದ್ನಲ್ಲ.’

‘ಯಾಕಾಗಲ್ಲ ಅಂತ ಬರೆದಿರ್ಲಿಲ್ಲ.’ ಅವಳು ಟೈಲರ್ ಅಜ್ಜಿಯ ವಿಷಯ ಹೇಳಿದಳು, ತಿಂಗಳ ಕೊನೆಯ ಗಡುವು ಹೇಳಿದಳು. ‘ನನ್ನ ಮೇಲಿನ ಸಿಟ್ಟನ್ನ ಆ ಅಜ್ಜಿ ಮೇಲೆ ತೀರಿಸ್ಕೋಬೇಡ ಕಣೋ.’

‘ಸಿಟ್ಟಾ? ನಿನ್ನ ಮೇಲೆ ನಂಗ್ಯಾಕೆ ಸಿಟ್ಟು?’ ಅವಳು ಏನು ಹೇಳುತ್ತಿದ್ದಾಳೆಂದು ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ‘ಆವತ್ತು ನೀನು ಹೇಳಿದ್ದೇ ಸರಿ. ಬೆರಳು ಡಾಕ್ಟರ ಮೇಲೆ ನಿಂತಿತ್ತು, ನಾನೂ ನೋಡಿದೆ. ಮನೆ ಅಂದಿದ್ದು ನನ್ನ ಲೆಕ್ಕ, ನನ್ನ ದನಿ. ನೀನು ಇಲ್ದೇ ಇದ್ದಿದ್ರೆ ನಾನು ಅಪ್ಪನ್ನ ಮನೇಲೇ ಇಟ್ಕೊಂಡಿರ್ತಿದ್ದೆ. ಅವರು ಡಾಕ್ಟರನ್ನ ಕರೀರಿ ಕರೀರಿ ಅಂತ ಬೇಡ್ಕೊಂಡಷ್ಟೂ ಅದು ಮನೆ ಮನೆ ಅಂತಿರ್ತಿತ್ತು. ಅದನ್ನ ನೆನೆಸ್ಕೊಂಡು ನಿನ್ನ ಮನೆ ಮೆಟ್ಟಿಲು ಹತ್ತೋಕೇ ಆಗ್ಲಿಲ್ಲ ನಂಗೆ. ಅಂಥದ್ದನ್ನ ಕಂಡಕಂಡವರ ಮನೆಗೆಲ್ಲ ಕಳಿಸ್ತೀನಿ ಅಂತೀಯಲ್ಲ, ನಿನ್ನ ತಲೆ ನೆಟ್ಟಗಿದೆಯಾ?’

ಅವಳ ಬಾಯಿಗೆ ಬಂದದ್ದು ಟೀಚರ ಮಾತು.

‘ಲೈಸೆನ್ಸಲ್ಲೇ ಇದೆ. ಏನಾದ್ರೂ ಎಡವಟ್ಟಾದ್ರೆ ಬರೆದವರು ಹೊಣೆ ಅಲ್ಲ ಅಂತ.’

‘ಬರೆದುಬಿಟ್ರೆ ಹೊಣೆ ಹೋಗುತ್ತಾ ಅಕ್ಕ?’

‘ಅಜ್ಜಿಗೆ ಒಂದ್ಸಲಾನೂ ತಪ್ಪಲಿಲ್ಲ ಕಣೋ.’

‘ಅಜ್ಜಿ ಬೇರೆ, ಅಪ್ಪ ಬೇರೆ.’ ಅವನು ಪ್ಯಾನೆಲ್ಲಿನ ಕಡೆ ತಿರುಗಿದ. ‘ನೀನು ಹತ್ತಿ ಬಂದಿದ್ದು ದಂಡ. ನಿಧಾನವಾಗಿ ಇಳಿದು ಹೋಗು.’

ಅವಳು ಇಳಿದು ಹೋಗಬಹುದಾಗಿತ್ತು. ಹೋಗಿದ್ದರೆ ಅಜ್ಜಿಯ ಹಲಗೆ ಮೂಕವಾಗುತ್ತಿತ್ತು, ಇವಳ ನಿದ್ದೆಗೆ ಮಾತ್ರ ಧಕ್ಕೆಯಿರಲಿಲ್ಲ. ತಾನು ತಪ್ಪು ಮಾಡಲಿಲ್ಲ ಎಂದು ಹೇಳಿಕೊಳ್ಳಲು ಅವಳಿಗೆ ಆ ಮೊದಲ ಸಲದ ಬೆರಳೊಂದೇ ಆಧಾರ. ಅದೇ ಬೆರಳು ಇವನನ್ನು ಇಷ್ಟು ವರ್ಷ ಒಳಗೊಳಗೇ ತಿಂದಿದೆ ಎಂದು ಅವಳಿಗೆ ಈಗ ತಿಳಿಯಿತು.

‘ಅಪ್ಪ ಇನ್ನೊಂದ್ಸಲ ಹೇಳಿದ್ರು’ ಎಂದಳು.

ತಮ್ಮ ತಿರುಗಲಿಲ್ಲ.

‘ನೀನು ಆಂಬುಲೆನ್ಸಿಗೆ ಅಂತ ಕೆಳಗೆ ಹೋಗಿದ್ಯಲ್ಲ, ಆಗ. ಬೆರಳು ಅಲ್ಲಾಡಲಿಲ್ಲ ಕಣೋ. ನೆಟ್ಟಗೆ ಹೋಗಿ ಮನೆ ಒತ್ತಿದ್ರು. ತೆಗೀಲೇ ಇಲ್ಲ. ನಿನ್ನ ಲೆಕ್ಕ ಸರಿಯಾಗೇ ಇತ್ತು. ಮೊದಲನೇ ಸಲಾನೂ ಅವರು ಅಂದಿದ್ದು ಮನೇನೇ.’

‘ನಾನು ಮೇಲೆ ಬಂದಾಗ ಹಲಗೆ ಎಲ್ಲಿತ್ತು?’

‘ಬೀರು ಮೇಲೆ. ನಾನೇ ಇಟ್ಟೆ.’

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮೋಟಾರಿನ ಮೇಲೆ ಹಾಕಿ, ಅವಳ ಎದುರು ನೆಲದ ಮೇಲೇ ಕೂತ. ಕೆಳಗಿನ ಮಹಡಿಯಲ್ಲಿ ಯಾರೋ ಲಿಫ್ಟಿನ ಬಾಗಿಲು ಬಡಿದು ‘ಇನ್ನೂ ಎಷ್ಟೊತ್ರೀ?’ ಎಂದು ಕೂಗಿದರು.

‘ಯಾಕೆ?’ ಎಂದ.

‘ನನ್ನ ಕಣ್ಣೆದುರಿಗೆ ಸಾಯ್ತಾರೆ ಅಂತ ಹೆದರಿಕೆ ಆಯ್ತು. ಆಸ್ಪತ್ರೇಲಾದ್ರೆ ಬೇರೆಯವರು ನೋಡ್ಕೋತಾರಲ್ಲ ಅಂತ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಏನೂ ಇರ್ಲಿಲ್ಲ.’

ಅವನು ಕೈ ಚಾಚಿದ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಫೋನು ಕೊಡು ಎಂದ. ವಕೀಲೆ ಕಳಿಸಿದ್ದ ಲೈಸೆನ್ಸನ್ನು ಗ್ರೀಸು ಮೆತ್ತಿದ ಬೆರಳಿನಿಂದ ಸರಿಸುತ್ತ ಕೊನೆಯವರೆಗೂ ಓದಿದ. ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು, ಹೆಸರು ಅಳಿಸಬಾರದು. ಕೆಳಗೆ ತನ್ನ ಹೆಸರು ಬರೆದು, ‘ನಡುಕ ಎಂಬ ಫೈಲು ನಾನು ಬರೆದದ್ದು. ಇದೇ ಷರತ್ತಿನ ಮೇಲೆ ಎಲ್ಲರಿಗೂ ಕೊಟ್ಟಿದ್ದೇನೆ’ ಎಂದು ಸೇರಿಸಿ ವಕೀಲೆಗೆ ತಾನೇ ಕಳಿಸಿದ. ಕಳಿಸಿ ಆದ ಮೇಲೂ ಫೋನನ್ನು ಹಿಡಿದುಕೊಂಡೇ ಇದ್ದ.

‘ಇದು ಫೈಲಿಗೆ’ ಎಂದ. ‘ನಿನ್ನನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡ.’

‘ಇಲ್ಲ.’

‘ಇಷ್ಟು ವರ್ಷ ನನ್ನ ಮೇಲೇ ನಂಗೆ ಅನುಮಾನ. ಅದಕ್ಕೆ ಒಗ್ಗಿಹೋಗಿದ್ದೆ. ಈಗ ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಮೊದ್ಲಿಂದ ಶುರು ಮಾಡ್ಬೇಕು.’ ಅವನ ದನಿ ಒಡೆಯಿತು. ಅಪ್ಪನ ಎಲ್ಲ ಮಾತುಗಳೂ ಇದೇ ದನಿಯಲ್ಲಿ ಬಂದಿದ್ದವು. ‘ಇಲ್ಲಿ ಬೇಡ, ಕೆಳಗೆ ಜನ ಕಾಯ್ತಿದಾರೆ. ಭಾನುವಾರ ಮನೆಗೆ ಬರ್ತೀನಿ. ಬಾಯಿಗೆ ಬಂದಂಗೆ ಬೈತೀನಿ.’

‘ಬಾ’ ಎಂದಳು ಅಕ್ಕ. ‘ಬೆಳಿಗ್ಗೇನೇ ಬಾ. ಬೈದು ಮುಗಿಸೋಕೆ ಹೊತ್ತಾಗುತ್ತೆ, ಊಟಕ್ಕೂ ಇರು.’

ಅವನು ಎದ್ದು, ಪ್ಯಾನೆಲ್ಲಿನೊಳಗೆ ಇನ್ನೇನೋ ಬಿಗಿಮಾಡಿ, ಸ್ವಿಚ್ಚು ಹಾಕಿದ. ಮೋಟಾರು ಗುರುಗುಟ್ಟಿ ತಿರುಗಿತು, ಹಗ್ಗಗಳು ಸರಿದವು. ‘ಸರಿಹೋಯ್ತು, ಲಿಫ್ಟಲ್ಲೇ ಇಳಿ’ ಎಂದ ತಮ್ಮ, ಅವಳ ಕಡೆ ನೋಡದೆ. ಅವಳು ಹೂಂ ಎಂದು ಹೊರಗೆ ಬಂದು ಮೆಟ್ಟಿಲಿನಲ್ಲೇ ಇಳಿದಳು. ಲಿಫ್ಟಿನಲ್ಲಿ ಜನರಿರುತ್ತಾರೆ, ಅಷ್ಟು ಜನರ ನಡುವೆ ನಿಂತು ಅಳುವುದು ಅವಳಿಗೆ ಬರುತ್ತಿರಲಿಲ್ಲ.